ನೆಲ ಡೊಂಕಿದ್ದರೆ ಡೊಂಕು ಅನ್ನಲೇಬೇಕು

ಕನ್ನಡದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರಿಸೋ ಗಾದೆ ಯಾವುದು ಅಂತ ಕೇಳಿದರೆ ಒಂದು ಕ್ಷಣವೂ ಯೋಚಿಸದೆ ಹೇಳ್ತೀನಿ: 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ'. ಈ ಗಾದೆಯನ್ನ ಯಾರು ಯಾರಿಗೆ ಹೇಳ್ತಾರೆ, ಸ್ವಲ್ಪ ಗಮನಿಸಿ ನೋಡಿ. ಕುಣಿಯೋರು ಯಾವತ್ತೂ ಹೇಳಲ್ಲ. ಕೂತು ನೋಡೋರು ಹೇಳ್ತಾರೆ. ನೆಲ ಹಾಕಿಸಿದ ಕಂಟ್ರಾಕ್ಟರ್ ಅಂತೂ ಖಂಡಿತ ಹೇಳ್ತಾನೆ. ಟೀಮ್ ಮೀಟಿಂಗಿನಲ್ಲಿ ಯಾರೋ ಒಬ್ಬ, 'ಸಾರ್, ಈ ಟೂಲ್ ಸರಿಯಿಲ್ಲ, ಇದರಿಂದಲೇ ತಡ ಆಗ್ತಿರೋದು' ಅಂದ ಕೂಡಲೇ ಯಾರೋ ಮುಸಿಮುಸಿ ನಗ್ತಾ ಈ ಗಾದೆ ತೇಲಿಬಿಡ್ತಾರೆ. ಅಲ್ಲಿಗೆ ಚರ್ಚೆ ಮುಗೀತು. ನೆಲ ನಿಜವಾಗಿ ಡೊಂಕಾ, ಯಾರಾದರೂ ಮಟ್ಟ ಇಟ್ಟು ನೋಡಿದ್ರಾ ಅನ್ನೋ ಪ್ರಶ್ನೆ ಬರೋದೇ ಇಲ್ಲ.

ಒಳ್ಳೆ ಕೆಲಸಗಾರ ಸಲಕರಣೆಯನ್ನ ದೂರಲ್ಲ ಅನ್ನೋ ಇಂಗ್ಲಿಷ್ ಮಾತು ಇದರದ್ದೇ ಅಣ್ಣ. ಎರಡೂ ಅರ್ಧ ಸತ್ಯ. ಒಳ್ಳೆ ಕೆಲಸಗಾರ ಸಲಕರಣೆಯನ್ನ ದೂರಿ ಸುಮ್ಮನಾಗಲ್ಲ, ಅದನ್ನ ಬದಲಾಯಿಸ್ತಾನೆ. ಹಾಗೆ ಬದಲಾಯಿಸಿದ ಒಬ್ಬನ ಕತೆ ಇಟ್ಟುಕೊಂಡು ನಾನು ಈ ಗಾದೆ ಜೊತೆ ಜಗಳಕ್ಕೆ ಇಳಿದಿದ್ದೀನಿ. ಅವನು ಅಮೆರಿಕದ ಗಾಲ್ಫ್ ಆಟಗಾರ, ಹೆಸರು ಬ್ರೈಸನ್ ಡಿಶಾಂಬೋ. ಗಾಲ್ಫ್ ಅಂದ ಕೂಡಲೇ 'ಅಯ್ಯೋ, ದೊಡ್ಡೋರ ಆಟ' ಅಂತ ಪುಟ ತಿರುಗಿಸಬೇಡಿ. ಆಟ ದೊಡ್ಡೋರದ್ದೇ, ಒಪ್ಪಿದೆ. ವಿಷಯ ಮಾತ್ರ ನಮ್ಮದು.

ಮೊದಲು ಸ್ವಲ್ಪ ಹಿನ್ನೆಲೆ. ಗಾಲ್ಫ್ ಆಟಗಾರ ತನ್ನ ಬ್ಯಾಗಿನಲ್ಲಿ 14 ಕ್ಲಬ್ ಇಟ್ಟುಕೊಳ್ಳಬಹುದು, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಈ ಮಿತಿ ತಂದಿದ್ದು 1938ರಲ್ಲಿ. ಅದಕ್ಕೂ ಮುಂಚೆ ಕೆಲವರು 20ಕ್ಕಿಂತ ಹೆಚ್ಚು ಕ್ಲಬ್ ಹೊರಿಸ್ತಿದ್ರು. ಹೊರೋನು ಕ್ಯಾಡಿ ತಾನೇ, ಇವರಿಗೇನು! ಈ 14ರಲ್ಲಿ ಅರ್ಧಕ್ಕಿಂತ ಹೆಚ್ಚು ಐರನ್ ಮತ್ತು ವೆಡ್ಜ್‌ಗಳು. ಸಾಮಾನ್ಯ ಸೆಟ್ಟಿನಲ್ಲಿ ಒಂದೊಂದು ಐರನ್ ಒಂದೊಂದು ಉದ್ದ. 3ನೇ ನಂಬರಿನದ್ದು ಸುಮಾರು 39 ಇಂಚು. ಅಲ್ಲಿಂದ ಅರ್ಧರ್ಧ ಇಂಚು ಇಳೀತಾ ಬಂದು ವೆಡ್ಜ್ ಹೊತ್ತಿಗೆ 35 ಚಿಲ್ಲರೆ ಇಂಚಿಗೆ ನಿಲ್ಲುತ್ತೆ. ಮುಖದ ಓರೆ, ಅಂದ್ರೆ ಲಾಫ್ಟ್ ಕೂಡ ಬೇರೆ ಬೇರೆ. ಉದ್ದ ಬದಲಾದರೆ ನಿಲ್ಲೋ ಭಂಗಿ, ಬೆನ್ನು ಬಾಗೋ ಕೋನ, ಚೆಂಡು ಇಡೋ ಜಾಗ, ಬೀಸೋ ರೀತಿ ಎಲ್ಲ ಬದಲಾಗಬೇಕು. ಅಂದ್ರೆ ಆಟಗಾರ ಒಂದು ಬೀಸು ಕಲಿತರೆ ಸಾಲದು, ಎಂಟೊಂಬತ್ತು ಬೀಸು ಕಲಿಯಬೇಕು.

ಡಿಶಾಂಬೋ ಕ್ಯಾಲಿಫೋರ್ನಿಯಾದ ಹುಡುಗ, ಹುಟ್ಟಿದ್ದು 1993ರಲ್ಲಿ. 2011ರಲ್ಲಿ, ಇನ್ನೂ ಹೈಸ್ಕೂಲಿನಲ್ಲಿರುವಾಗ, ತನ್ನ ಕೋಚ್ ಮೈಕ್ ಶೈ ಹತ್ತಿರ ಒಂದು ಸರಳ ಪ್ರಶ್ನೆ ಇಟ್ಟ: ಎಲ್ಲಾ ಐರನ್ನೂ ಒಂದೇ ಉದ್ದ ಯಾಕಿರಬಾರದು? ನಾವು ಕೋಡ್ ರಿವ್ಯೂನಲ್ಲಿ ಕೇಳೋ ಥರದ ಪ್ರಶ್ನೆ ಇದು. ಒಂದೇ ಕೆಲಸಕ್ಕೆ ಎಂಟು ಫಂಕ್ಷನ್ ಯಾಕೆ, ಒಂದೇ ಫಂಕ್ಷನ್ ಬರೆದು ಲಾಫ್ಟನ್ನ ಪ್ಯಾರಾಮೀಟರ್ ಮಾಡಿದರೆ ಆಗಲ್ವಾ? ಇಬ್ಬರೂ ಸೇರಿ ಒಂದು ಸೆಟ್ ಕಟ್ಟಿದರು. ಕೊನೆಗೆ ನಿಂತ ಲೆಕ್ಕ ಇದು: ಎಲ್ಲವೂ 37.5 ಇಂಚು, ಹೆಚ್ಚುಕಮ್ಮಿ ಮಾಮೂಲಿ 7ನೇ ಐರನ್ನಿನ ಉದ್ದ. ತಲೆಯ ತೂಕವೂ ಎಲ್ಲದಕ್ಕೂ ಒಂದೇ. ಬೇರೆ ಇರೋದು ಲಾಫ್ಟ್ ಮಾತ್ರ. ಹಾಗಾಗಿ ಒಂದೇ ಭಂಗಿ, ಒಂದೇ ಬೀಸು. ಹುಡುಗ ತನ್ನ ವೆಡ್ಜುಗಳಿಗೆ ಹೆಸರೂ ಇಟ್ಟ. 60 ಡಿಗ್ರಿಯದ್ದು 'ಕಿಂಗ್'. ಗಾಲ್ಫಿನ ಕಿಂಗ್ ಅನಿಸಿಕೊಂಡ ಆರ್ನಾಲ್ಡ್ ಪಾಮರ್ ಯುಎಸ್ ಓಪನ್ ಗೆದ್ದಿದ್ದು 1960ರಲ್ಲಿ, ಅದಕ್ಕೆ.

ಐಡಿಯಾ ಹೊಸದೇನಲ್ಲ. 1980ರ ದಶಕದ ಕೊನೆಯಲ್ಲಿ ಟಾಮಿ ಆರ್ಮರ್ ಕಂಪನಿ ಇಂಥ ಒಂದು ಸೆಟ್ ಮಾರುಕಟ್ಟೆಗೆ ಬಿಟ್ಟಿತ್ತು, ಓಡಲಿಲ್ಲ. ಕಾರಣವೂ ಇದೆ. ಉದ್ದ ಐರನ್ನನ್ನ ಗಿಡ್ಡ ಮಾಡಿದರೆ ತಲೆಯ ವೇಗ ಕಮ್ಮಿಯಾಗಿ ದೂರ ತಗ್ಗುತ್ತೆ. ಗಿಡ್ಡದ್ದನ್ನ ಉದ್ದ ಮಾಡಿದರೆ ಚೆಂಡು ಬೇಕಾದ್ದಕ್ಕಿಂತ ಮುಂದೆ ಹೋಗುತ್ತೆ. ಕ್ಲಬ್ಬಿಂದ ಕ್ಲಬ್ಬಿಗೆ ಇರಬೇಕಾದ ಅಂತರ ಕಲಸಿಹೋಗುತ್ತೆ. ಇದು ನಿಜವಾದ ತೊಂದರೆ. ವೇಗ ಇರೋನಿಗೆ ಕಮ್ಮಿ, ಇಲ್ಲದೋನಿಗೆ ಜಾಸ್ತಿ. ಡಿಶಾಂಬೋಗೆ ವೇಗ ಇತ್ತು, ಜೊತೆಗೆ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಓದ್ತಿದ್ದ. 2015ರಲ್ಲಿ ಅದೇ ಕ್ಲಬ್ಬುಗಳಲ್ಲಿ ಕಾಲೇಜು ಮಟ್ಟದ ಎನ್‌ಸಿಎಎ ವೈಯಕ್ತಿಕ ಪ್ರಶಸ್ತಿ ಮತ್ತು ಯುಎಸ್ ಅಮೆಚೂರ್ ಎರಡನ್ನೂ ಗೆದ್ದ. ಒಂದೇ ವರ್ಷದಲ್ಲಿ ಎರಡೂ ಗೆದ್ದವರು ಅವನಿಗೆ ಮುಂಚೆ ನಾಲ್ಕೇ ಜನ: ಜ್ಯಾಕ್ ನಿಕ್ಲಾಸ್, ಫಿಲ್ ಮಿಕಲ್ಸನ್, ಟೈಗರ್ ವುಡ್ಸ್, ರಯಾನ್ ಮೂರ್.

ಅಷ್ಟಾದ ಮೇಲೂ ಜನ ಅವನಿಗೆ ಇಟ್ಟ ಹೆಸರು 'ಹುಚ್ಚು ವಿಜ್ಞಾನಿ'. 2016ರಲ್ಲಿ ಪ್ರೊ ಆದ, ಕೋಬ್ರಾ ಕಂಪನಿ ಜೊತೆ ಒಪ್ಪಂದ ಆಯ್ತು. 2017ರ ಮೊದಲರ್ಧದಲ್ಲಿ ಕಟ್ ಮೇಲೆ ಕಟ್ ತಪ್ಪಿದಾಗ 'ನಾವು ಹೇಳಲಿಲ್ವಾ' ಅಂದವರಿಗೇನೂ ಬರ ಇರಲಿಲ್ಲ. ಅದೇ ವರ್ಷ ಜುಲೈನಲ್ಲಿ ಜಾನ್ ಡಿಯರ್ ಕ್ಲಾಸಿಕ್ ಗೆದ್ದ. 2018ರಲ್ಲಿ ನಾಲ್ಕು ಟೂರ್ನಿ ಗೆದ್ದ. ಆಮೇಲೆ ಜಿಮ್ಮಿಗೆ ಇಳಿದು ಸುಮಾರು 18 ಕೆಜಿ ಮೈ ಬೆಳೆಸಿದ. 2020ರ ಸೆಪ್ಟೆಂಬರಿನಲ್ಲಿ ವಿಂಗ್ಡ್ ಫುಟ್‌ನಲ್ಲಿ ಯುಎಸ್ ಓಪನ್ ಗೆದ್ದ, ಅದೂ ಆರು ಶಾಟ್ ಅಂತರದಲ್ಲಿ. ನಾಲ್ಕು ದಿನದ ಒಟ್ಟು ಲೆಕ್ಕದಲ್ಲಿ ಪಾರ್‌ಗಿಂತ ಕೆಳಗೆ ಮುಗಿಸಿದವನು ಅವನೊಬ್ಬನೇ. ಆಗ ಅದೇ ಜನ ಅವನನ್ನ 'ಜೀನಿಯಸ್' ಅಂದರು.

ನನ್ನ ಮೊದಲ ತಕರಾರು ಇಲ್ಲೇ ಇದೆ. 2017ರ ಏಪ್ರಿಲಿನಲ್ಲಿದ್ದ ಕ್ಲಬ್ಬುಗಳ ಉದ್ದವೂ 37.5 ಇಂಚು, 2020ರ ಸೆಪ್ಟೆಂಬರಿನಲ್ಲೂ ಅಷ್ಟೇ. ಬದಲಾಗಿದ್ದು ಸ್ಕೋರ್‌ಬೋರ್ಡು. ಸೋತಾಗ ಹುಚ್ಚು, ಗೆದ್ದಾಗ ಜಾಣತನ ಅನ್ನೋದಾದರೆ ನಾವು ಸಲಕರಣೆ ಬಗ್ಗೆ ಮಾತಾಡ್ತಾನೇ ಇಲ್ಲ, ಫಲಿತಾಂಶ ನೋಡಿ ಹಿಂದಿನಿಂದ ಕತೆ ಕಟ್ತಿದ್ದೀವಿ. ಆಫೀಸಿನಲ್ಲೂ ಹೀಗೇ ಅಲ್ವಾ? ರಿಲೀಸ್ ಸರಿಯಾಗಿ ಹೋದರೆ 'ಎಂಥಾ ಆರ್ಕಿಟೆಕ್ಚರ್ ಗುರು!', ಬಿದ್ದರೆ 'ಇವನಿಗೆ ಇದೆಲ್ಲ ಯಾಕೆ ಬೇಕಿತ್ತು'. ಮೊದಲೇ ಕೂತು ಆ ನಿರ್ಧಾರದ ಕಾರಣ ಕೇಳಿದವರು ಮಾತ್ರ ಯಾರೂ ಇಲ್ಲ.

ನಿಯಮಗಳ ವಿಷಯಕ್ಕೆ ಬನ್ನಿ. 2017ರಲ್ಲಿ ಡಿಶಾಂಬೋ ಹೋಲ್ ಕಡೆಗೆ ಮುಖ ಮಾಡಿ ನಿಂತು ಪಕ್ಕದಿಂದ ಪಟ್ ಮಾಡೋ ಪ್ರಯೋಗಕ್ಕೆ ಇಳಿದಾಗ, ಅವನ ಪಟ್ಟರ್ ನಿಯಮಕ್ಕೆ ಹೊಂದಲ್ಲ ಅಂತ ಯುಎಸ್‌ಜಿಎ ಹೇಳ್ತು. 2018ರಲ್ಲಿ ನಾವು ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಳ್ತಿದ್ದ ಕೈವಾರ ಹಿಡಿದು ಪಿನ್ ಎಲ್ಲಿದೆ ಅಂತ ಹಾಳೆ ಮೇಲೆ ಅಳೀತಿದ್ದ, ಅದನ್ನೂ ನಿಲ್ಲಿಸಿದರು. ಅವನು ಗೊಣಗಿದ, ಸಿಟ್ಟಾದ, ಆದರೆ ಎರಡನ್ನೂ ಬಿಟ್ಟ. ಇದರಲ್ಲಿ ನನಗೇನೂ ತಕರಾರಿಲ್ಲ. ನಿಯಮ ಅನ್ನೋದು ಬರೆದಿಟ್ಟ ಗೆರೆ. ಓದಬಹುದು, ವಾದ ಮಾಡಬಹುದು, ಬದಲಾಯಿಸಿ ಅಂತ ಅರ್ಜಿ ಹಾಕಬಹುದು. ಗಾದೆ ಜೊತೆ ಇದ್ಯಾವುದೂ ಆಗಲ್ಲ. 'ಇದನ್ನ ಬಳಸಬೇಡ, ಇಂಥ ಕಾರಣಕ್ಕೆ' ಅನ್ನೋದು ಆಡಳಿತ. 'ನಿನಗೆ ಕುಣಿಯೋಕೆ ಬರಲ್ಲ, ಅದಕ್ಕೇ ಹೀಗಂತೀಯ' ಅನ್ನೋದು ಬಾಯಿ ಮುಚ್ಚಿಸೋ ವಿದ್ಯೆ.

ಈಗ ಎದುರು ಪಕ್ಷದವರ ತುರುಪು ಎಲೆ. ನಾನೇ ಎತ್ತಿ ಮೇಜಿನ ಮೇಲೆ ಇಡ್ತೀನಿ. 2021ರ ಜುಲೈ, ಇಂಗ್ಲೆಂಡಿನ ರಾಯಲ್ ಸೇಂಟ್ ಜಾರ್ಜಸ್‌ನಲ್ಲಿ ಓಪನ್ ಚಾಂಪಿಯನ್‌ಶಿಪ್. ಮೊದಲ ದಿನ 14 ಫೇರ್‌ವೇಗಳಲ್ಲಿ ಡಿಶಾಂಬೋಗೆ ಸಿಕ್ಕಿದ್ದು ನಾಲ್ಕೇ. ಆಟ ಮುಗಿಸಿ ಬಂದು ಮೈಕ್ ಮುಂದೆ ಡ್ರೈವರ್ ದರಿದ್ರವಾಗಿದೆ ಅನ್ನೋ ಧಾಟಿಯಲ್ಲಿ ಮಾತಾಡಿದ. ಆ ಡ್ರೈವರ್ ಮಾಡಿಕೊಟ್ಟ ಕೋಬ್ರಾ ಕಂಪನಿಯವರು ಸುಮ್ಮನಿರಲಿಲ್ಲ. ಇವನಿಗಾಗಿ ಹಗಲೂ ರಾತ್ರಿ ದುಡೀತಿದ್ದೀವಿ, ಇದು ತಲೆಯಿಲ್ಲದ ಮಾತು ಅಂತ ಅವರ ಕಡೆಯವರು ಬಹಿರಂಗವಾಗೇ ಹೇಳಿದರು. ಅವತ್ತೇ ಡಿಶಾಂಬೋ ಕ್ಷಮೆ ಕೇಳಿದ. ಗಾದೆ ಪ್ರಿಯರಿಗೆ ಹಬ್ಬವೋ ಹಬ್ಬ: 'ನೋಡಿದ್ರಾ, ನೆಲ ಡೊಂಕು ಅಂದ!'

ಹೌದು, ಅವತ್ತು ಅವನು ಮಾಡಿದ್ದು ತಪ್ಪೇ. ಆದರೆ ಯಾವ ತಪ್ಪು ಅಂತ ಸರಿಯಾಗಿ ಹೇಳಬೇಕು. ಸಲಕರಣೆ ಸರಿಯಿಲ್ಲ ಅನ್ನೋದರಲ್ಲಿ ತಪ್ಪಿಲ್ಲ. ಬೆನ್ನ ಹಿಂದೆ ನಿಂತು ದುಡಿದವರನ್ನ ಸೋತ ಸಂಕಟದಲ್ಲಿ ಮೈಕ್ ಮುಂದೆ ಬೀದಿಗೆ ಎಳೆದಿದ್ದು ತಪ್ಪು. ಅಳತೆ ಇಲ್ಲ, ಪರಿಹಾರ ಇಲ್ಲ, ಬರೀ ಕೊಸರಾಟ. 2011ರಲ್ಲಿ ಇದೇ ಹುಡುಗ ಕ್ಲಬ್ ಉದ್ದ ಸರಿಯಿಲ್ಲ ಅಂದಾಗ ಕೂತು ಸೆಟ್ ಕಟ್ಟಿದ್ದ, ಆ ಸೆಟ್ಟಿನಲ್ಲಿ ಆಡಿ ಸೋಲೋ ಅಪಾಯವನ್ನೂ ತಾನೇ ಹೊತ್ತಿದ್ದ. ಎರಡೂ ಸಲಕರಣೆಯ ಮೇಲಿನ ದೂರೇ. ಒಂದು ಕೆಲಸ, ಇನ್ನೊಂದು ಕೂಗು. ನಮ್ಮ ಗಾದೆಗೆ ಇವೆರಡರ ವ್ಯತ್ಯಾಸ ಗೊತ್ತೇ ಇಲ್ಲ. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತೆ.

ಮುಂದೇನಾಯ್ತು ನೋಡಿ. 2022ರಲ್ಲಿ ಎಲ್‌ಐವಿ ಲೀಗಿಗೆ ಹೋದ. ಸೌದಿ ದುಡ್ಡಿನ ಆ ಲೀಗಿನ ಬಗ್ಗೆ ನನಗೆ ಬೇರೆ ಜಗಳ ಇದೆ, ಅದು ಇನ್ನೊಂದು ಲೇಖನ. ಕೋಬ್ರಾ ಒಪ್ಪಂದವೂ ಮುಗೀತು, ಕೈಕಟ್ಟು ಬಿಚ್ಚಿತು. 2023ರಲ್ಲಿ ಕ್ರ್ಯಾಂಕ್ ಅನ್ನೋ ಕಂಪನಿಯ ಡ್ರೈವರ್ ಹಿಡಿದ. ಬಹುದೂರ ಹೊಡೆಯೋ ಲಾಂಗ್ ಡ್ರೈವ್ ಸ್ಪರ್ಧೆಯವರ ಬ್ರ್ಯಾಂಡ್ ಅದು. ಆ ಆಗಸ್ಟಿನಲ್ಲಿ ಗ್ರೀನ್‌ಬ್ರಯರ್‌ನಲ್ಲಿ ಒಂದೇ ಸುತ್ತಿನಲ್ಲಿ 58 ಹೊಡೆದು ಟೂರ್ನಿ ಗೆದ್ದ. 2024ರಲ್ಲಿ ಅವೋಡಾ ಅನ್ನೋ ಪುಟ್ಟ ಕಂಪನಿಯವರಿಂದ 3ಡಿ ಪ್ರಿಂಟ್ ಮಾಡಿದ ಐರನ್ ತಲೆಗಳನ್ನ ಮಾಡಿಸಿಕೊಂಡ. ಸಾಮಾನ್ಯ ಐರನ್ನಿನ ಮುಖ ಸಪಾಟು, ಇವುಗಳದ್ದು ವುಡ್‌ಗಳ ಹಾಗೆ ಸ್ವಲ್ಪ ಉಬ್ಬು. ಚೆಂಡು ಮುಖದ ನಡುವೆ ತಾಗದೆ ಅಂಚಿಗೆ ತಾಗಿದಾಗಲೂ ತೀರಾ ಅಡ್ಡದಾರಿ ಹಿಡಿಯದೆ ತಿರುಗಿ ಬರಲಿ ಅಂತ. ಗಮನಿಸಿ, ಇದು ತನ್ನ ಕೈ ತಪ್ಪುತ್ತೆ ಅಂತ ಒಪ್ಪಿಕೊಂಡವನ ಸಲಕರಣೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಎರರ್ ಹ್ಯಾಂಡ್ಲಿಂಗ್. ಮಾಸ್ಟರ್ಸ್ ಶುರುವಾಗೋ ವಾರದಲ್ಲಷ್ಟೇ ಅವಕ್ಕೆ ಯುಎಸ್‌ಜಿಎ ಒಪ್ಪಿಗೆ ಸಿಕ್ಕಿತ್ತು. ಮೊದಲ ದಿನ 65 ಹೊಡೆದ. ಎರಡು ತಿಂಗಳ ನಂತರ ಪೈನ್‌ಹರ್ಸ್ಟ್‌ನಲ್ಲಿ ಎರಡನೇ ಯುಎಸ್ ಓಪನ್ ಗೆದ್ದ, ರೋರಿ ಮ್ಯಾಕಿಲ್ರಾಯ್‌ಗಿಂತ ಒಂದೇ ಶಾಟ್ ಮುಂದೆ.

ಆ ಗೆಲುವಿನ ಕೊನೇ ಹೋಲಿನಲ್ಲಿ 55 ಗಜ ದೂರದ ಬಂಕರಿನಿಂದ ಚೆಂಡನ್ನ ಎತ್ತಿ ಪಿನ್ ಹತ್ತಿರ ಇಳಿಸಿದ. ಅಂಥ ಶಾಟನ್ನ ಯಾವ ಪ್ರಿಂಟರೂ ಹೊಡೆದುಕೊಡಲ್ಲ, ಅದು ಸಾವಿರಾರು ಗಂಟೆ ಮರಳಿನಲ್ಲಿ ನಿಂತ ಕೈಯ ಕೆಲಸ. ಸಲಕರಣೆಯೇ ಎಲ್ಲ ಅಂತ ನಾನು ವಾದ ಮಾಡ್ತಿಲ್ಲ. ಆ ಬಂಕರ್ ಶಾಟು ಕಪ್ ಗೆಲ್ಲಿಸಿಕೊಡೋ ಜಾಗದವರೆಗೆ ಅವನನ್ನ ತಂದಿದ್ದರಲ್ಲಿ ಆ ಕ್ಲಬ್ಬುಗಳ ಪಾಲೂ ಇದೆ ಅಂತಷ್ಟೇ ಹೇಳ್ತಿದ್ದೀನಿ.

ಇವನೊಬ್ಬ ವಿಚಿತ್ರ ಪ್ರಾಣಿ ಅಂತೀರಾ? ಹಾಗಿದ್ರೆ ಬ್ರೂಕ್ಸ್ ಕೆಪ್ಕಾನ ನೋಡಿ. ಪ್ರಯೋಗ, ಫಿಸಿಕ್ಸ್ ಅಂದ್ರೆ ಮಾರು ದೂರ ಓಡೋ ಆಸಾಮಿ. 2016ರ ಆಗಸ್ಟಿನಲ್ಲಿ ನೈಕಿ ಕಂಪನಿ ಗಾಲ್ಫ್ ಕ್ಲಬ್ ಮಾಡೋದನ್ನೇ ನಿಲ್ಲಿಸಿದಾಗ ಅದರ ಆಟಗಾರರು ತಮಗೆ ಬೇಕಾದ್ದು ಆರಿಸಿಕೊಳ್ಳೋ ಹಾಗಾಯ್ತು. ಕೆಪ್ಕಾ ಡ್ರೈವರನ್ನ ಟೇಲರ್‌ಮೇಡ್‌ನಿಂದ ತಗೊಂಡ, ಐರನ್ ಮಿಜುನೋದು, ವೆಡ್ಜ್ ಟೈಟ್ಲಿಸ್ಟ್‌ದು, ಜೊತೆಗೆ ಅಂಗಡಿಯಲ್ಲಿ ಸಿಗದ ಹಳೇ ನೈಕಿ 3ನೇ ಐರನ್ನನ್ನೂ ಬಿಡಲಿಲ್ಲ. ಆ ಕಲಬೆರಕೆ ಬ್ಯಾಗು ಹೊತ್ತು 2017ರಿಂದ 2019ರ ಒಳಗೆ ನಾಲ್ಕು ಮೇಜರ್ ಗೆದ್ದ. ಸಹಿ ಹಾಕಿದ್ರೆ ದುಡ್ಡು ಸಿಗ್ತಿತ್ತು, ಬೇಡ ಅಂದ. ಅತಿ ಹಳೇ ಕಾಲದ ಮನುಷ್ಯ ಮತ್ತು ಅತಿ ಪ್ರಯೋಗಶೀಲ ಮನುಷ್ಯ ಇಬ್ಬರೂ ಒಂದೇ ಮಾತಿಗೆ ಬಂದರು: ಹೊಡೆಯೋನು ನಾನು, ಆರಿಸೋನೂ ನಾನೇ.

'ಅವರು ಕೋಟ್ಯಧಿಪತಿಗಳು ಕಣಯ್ಯಾ, ನಮಗೆ ನಿಮಗೆ ಆರಿಸೋ ಐಶ್ವರ್ಯ ಎಲ್ಲಿದೆ?' ಇದು ಮುಂದಿನ ಪ್ರಶ್ನೆ. ಇಲ್ಲೇ ನನ್ನ ಸಿಟ್ಟು ಇನ್ನೂ ಹೆಚ್ಚಾಗೋದು. ಯಾಕಂದ್ರೆ ನಾನು ಹುಟ್ಟಿ ಬೆಳೆದ ಹಳ್ಳಿಯಲ್ಲಿ ಈ ಐಶ್ವರ್ಯ ಎಲ್ಲರಿಗೂ ಇತ್ತು. ಕುಲುಮೆ ಆಚಾರ್ರು ಗುದ್ದಲಿಗೆ ಕಾವು ಹಾಕೋ ಮುಂಚೆ 'ಯಾರ ಕೈಗೆ?' ಅಂತ ಕೇಳ್ತಿದ್ರು. ಎತ್ತರದೋರಿಗೆ ಉದ್ದ ಕಾವು, ಗಿಡ್ಡಕ್ಕಿರೋರಿಗೆ ಗಿಡ್ಡ. ಎಡಗೈಯೋರ ಕುಡ್ಲಿಗೆ ಹಲ್ಲು ಕಚ್ಚೋ ದಿಕ್ಕೇ ಬೇರೆ. ಕಳೆ ತೆಗೆಯೋ ಹೆಂಗಸರ ಕುಡ್ಲು ಗಂಡಸರ ಕುಡ್ಲಿಗಿಂತ ಹಗುರ. ಒಂದು ಗುದ್ದಲಿ ಸೊಂಟ ಹಿಡಿಸ್ತಿದೆ ಅಂದ್ರೆ ಯಾರೂ ಗಾದೆ ಹೇಳ್ತಿರಲಿಲ್ಲ, ಕಾವು ಬಿಚ್ಚಿ ಬೇರೆ ಹಾಕ್ತಿದ್ರು. ಕೂಲಿಗೆ ಬರೋರೂ ತಮ್ಮ ಕುಡ್ಲು ತಾವೇ ತರ್ತಿದ್ರು. ಬಡತನ ಇತ್ತು, ನಿಜ. ಆದರೆ ಕೈಗೆ ತಕ್ಕ ಸಲಕರಣೆ ಅನ್ನೋದು ಶೋಕಿ ಅಂತ ಯಾರಿಗೂ ಅನಿಸಿರಲಿಲ್ಲ.

ಡಿಶಾಂಬೋ ಮಾಡಿದ್ದು ಅದನ್ನೇ. ಮೇಲ್ನೋಟಕ್ಕೆ ಎಲ್ಲಾ ಕ್ಲಬ್ಬೂ ಒಂದೇ ಉದ್ದ ಮಾಡಿ ವ್ಯತ್ಯಾಸ ಅಳಿಸಿದ ಹಾಗೆ ಕಾಣುತ್ತೆ. ಆದರೆ ಅದು ಅವನಿಗೆ ತಕ್ಕ ಉದ್ದ. ನಿಮ್ಮದೋ ನನ್ನದೋ ಬೇರೆ ಆಗಬಹುದು. ಟೂರಿನಲ್ಲಿ ಬೇರೆ ಯಾರೂ ಹೆಚ್ಚಾಗಿ ಅದನ್ನ ಅನುಸರಿಸಲಿಲ್ಲ, ಅನುಸರಿಸಬೇಕಾಗೂ ಇರಲಿಲ್ಲ. ಕಂಪನಿಗಳು ಮಾಡೋದು ಇದಕ್ಕೆ ತಿರುಗುಮುರುಗು. ಸಲಕರಣೆಗೆ ಹದಿನಾಲ್ಕು ಥರದ ವೈವಿಧ್ಯ ಕೊಟ್ಟು, ಮನುಷ್ಯರನ್ನ ಒಂದೇ ಅಳತೆಗೆ ಕತ್ತರಿಸ್ತವೆ.

ನಂಬಿಕೆ ಬರದಿದ್ರೆ ನಿಮ್ಮ ಲ್ಯಾಪ್‌ಟಾಪ್ ನೋಡಿ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಹದಿನೈದು ನಿಮಿಷ ಬಿಲ್ಡ್ ಆಗೋ ಪ್ರಾಜೆಕ್ಟಿಗೆ 8 ಜಿಬಿ ಮೆಮೊರಿಯ ಯಂತ್ರ. ಮೆಮೊರಿ ಹಾಕಿಸಿಕೊಡಿ ಅಂದ್ರೆ ಮೂರು ಅಪ್ರೂವಲ್. ಮೂರನೇ ಅಪ್ರೂವಲ್ ಕೊಡಬೇಕಾದ ಮಹಾನುಭಾವರು ಕೋಡ್ ಬರೆದು ಹತ್ತು ವರ್ಷ ಆಗಿತ್ತು. ವರ್ಷದ ಕೊನೆಗೆ ಅಪ್ರೈಸಲಿನಲ್ಲಿ ಬಂದ ಮಾತು: 'ಪ್ರೊಡಕ್ಟಿವಿಟಿ ಸುಧಾರಿಸಬೇಕು'. ಯಂತ್ರ ಆರಿಸಿದ್ದು ಅವರು, ನಿಧಾನ ಅಂತ ರೇಟಿಂಗ್ ಕಡಿಮೆ ಆಗಿದ್ದು ನನಗೆ. ಡಿಶಾಂಬೋ ತಾನೇ ಆರಿಸಿದ, ಸೋತರೆ ತಾನೇ ಅನುಭವಿಸಿದ. ಅದು ನ್ಯಾಯ. ಆರಿಸೋನು ಒಬ್ಬ, ಅನುಭವಿಸೋನು ಇನ್ನೊಬ್ಬ ಅಂದ್ರೆ ಅದು ಬರೀ ದಬ್ಬಾಳಿಕೆ. ಅದರ ಮೇಲೆ ಹಾಸೋ ಚಾದರವೇ ಈ ಗಾದೆ.

ಲ್ಯಾಪ್‌ಟಾಪ್ ಬಿಡಿ, ನಮ್ಮದು ಏಸಿ ರೂಮಿನ ಸಂಕಟ. 16 ಲೀಟರಿನ ಔಷಧಿ ಪಂಪನ್ನ ಬೆನ್ನಿಗೆ ಹಾಕಿಕೊಳ್ಳೋ ಹೆಂಗಸರನ್ನ ನೋಡಿ. ನೀರು ತುಂಬಿದರೆ ಪಂಪಿನದ್ದೂ ಸೇರಿ 16 ಕೆಜಿ ಮೀರುತ್ತೆ. 45 ಕೆಜಿ ಇರೋ ಹೆಂಗಸಿಗೆ ಅದು ಮೈತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಪಟ್ಟಿ ಹೆಗಲಿಗೆ ಕೂರಲ್ಲ, ಸೊಂಟಕ್ಕೆ ಬಡಿಯುತ್ತೆ. ಅದನ್ನ ಡಿಸೈನ್ ಮಾಡಿದವರ ತಲೆಯಲ್ಲಿ ಯಾವ ಮೈ ಇತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆಕೆ ನಾಲ್ಕು ಸಾಲು ಕಡಿಮೆ ಹೊಡೆದರೆ ಕೂಲಿ ಕಡಿಮೆ. ಗಾದೆಯಲ್ಲಿ 'ಕುಣಿಯಲಾರದವಳು' ಅಂತ ಹೆಣ್ಣೇ ಇರೋದೂ ಸುಮ್ಮನೆ ಅಲ್ಲ ಬಿಡಿ.

ಇನ್ನೊಂದು ಉದಾಹರಣೆ ಕೊಡ್ತೀನಿ, ನಮ್ಮ ಬೆಂಗಳೂರಿನದೇ. ಅದಿತಿ ಅಶೋಕ್. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಕೋರ್ಸಿನಲ್ಲಿ ಐದನೇ ವಯಸ್ಸಿಗೆ ಆಟ ಶುರು ಮಾಡಿದ ಹುಡುಗಿ. 2021ರ ಆಗಸ್ಟಿನಲ್ಲಿ, ಟೋಕಿಯೋ ಒಲಿಂಪಿಕ್ಸಿನಲ್ಲಿ, ವಿಶ್ವ ರ‍್ಯಾಂಕಿಂಗಿನಲ್ಲಿ 200ನೇ ಸ್ಥಾನದಲ್ಲಿದ್ದ ಈಕೆ ನಾಲ್ಕನೆಯವಳಾಗಿ ಮುಗಿಸಿದಳು. ಬೆಳ್ಳಿಯ ಪ್ಲೇ-ಆಫ್‌ಗೆ ಒಂದೇ ಶಾಟ್ ಕಡಿಮೆ. ಕ್ಯಾಡಿಯಾಗಿ ಬ್ಯಾಗ್ ಹೊತ್ತವರು ಅವರಮ್ಮ. ಅದಕ್ಕೆ ಕೆಲವು ತಿಂಗಳ ಹಿಂದೆ ಕೋವಿಡ್ ಬಂದು ಮೈಯ ಬಲ ಕುಗ್ಗಿತ್ತು. ದೂರ ಹೊಡೆಯೋದರಲ್ಲಿ ಮೊದಲೇ ಹಿಂದೆ, ಆಗ ಇನ್ನೂ ಹಿಂದೆ. ಬೇರೆಯವರು ಗಿಡ್ಡ ಐರನ್ ಹಿಡಿದು ಗ್ರೀನಿಗೆ ಹೊಡೆದರೆ ಈಕೆ ಹೈಬ್ರಿಡ್, ವುಡ್ ಹಿಡಿದು ಹೊಡೆದಳು. ಉಳಿದಿದ್ದನ್ನ ಪಟ್ಟರಿನಲ್ಲಿ ವಸೂಲಿ ಮಾಡಿದಳು. ತನ್ನ ಮೈ ಏನು ಕೊಡುತ್ತೆ ಅಂತ ತಿಳಿದು ಅದಕ್ಕೆ ತಕ್ಕ ಕ್ಲಬ್ ಆರಿಸೋದು ಅಂದ್ರೆ ಇದು. ಗೆದ್ದವನ ಕತೆ ಮಾತ್ರ ಹೇಳ್ತಾನೆ ಅನ್ನಬೇಡಿ. ಆಕೆಗೆ ಪದಕ ಬರಲಿಲ್ಲ. ಆದರೂ ಆ ಆಯ್ಕೆ ಸರಿಯಾಗೇ ಇತ್ತು.

ಕೊನೆಗೆ ನಿಮಗೆ ಹೇಳೋದಿಷ್ಟೇ. ಮುಂದಿನ ಸಲ ನಿಮ್ಮ ಟೀಮಿನ ಹೊಸ ಹುಡುಗಿಯೋ ಹುಡುಗನೋ ಟೂಲ್ ಸರಿಯಿಲ್ಲ ಅಂದ್ರೆ ನಗಬೇಡಿ. ಎರಡು ಪ್ರಶ್ನೆ ಕೇಳಿ: ಅಳೆದು ನೋಡಿದ್ದೀಯಾ? ಇದರ ಬದಲು ಏನು ಬೇಕು? ಉತ್ತರ ಇಲ್ಲ ಅಂದ್ರೆ ಅದು ಕೊಸರಾಟ, ಹೋಗಿ ಅಳೆದುಕೊಂಡು ಬಾ ಅನ್ನಿ. ಉತ್ತರ ಇದ್ರೆ ಮಾತ್ರ ಗಾದೆ ಬದಿಗಿಟ್ಟು ಸಹಿ ಹಾಕಿ. ಮ್ಯಾನೇಜರಾಗಿ ನಿಮ್ಮ ಕೆಲಸ ಕುಣಿತಕ್ಕೆ ಮಾರ್ಕ್ಸ್ ಕೊಡೋದು ಮಾತ್ರ ಅಲ್ಲ, ನೆಲ ಮಟ್ಟ ಇದೆಯಾ ಅಂತ ನೋಡೋದೂ ಹೌದು. ಮತ್ತೆ ಕುಣಿಯೋ ಜಾಗದಲ್ಲಿ ನೀವೇ ಇದ್ರೆ, ನೆಲ ಡೊಂಕು ಅನಿಸಿದ್ರೆ, ನಾಚಿಕೆ ಪಡಬೇಡಿ. ಮಟ್ಟ ತಗೊಂಡು ಹೋಗಿ, ಇಟ್ಟು ತೋರಿಸಿ, ಗಟ್ಟಿಯಾಗಿ ಹೇಳಿ: ಡೊಂಕು.